ಮರಳಿನೊಳಗಿನ ಹೊಳೆ

ನದಿಯೆಂದರೆ ಎರಡು ದಡಗಳ ನಡುವೆ ತುಂಬಿ ಹರಿಯುವ ನೀರೆಂಬುದು ಮಲೆನಾಡಿಗೆ ಒಪ್ಪುವ ಮಾತು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಬಯಲುಸೀಮೆಯಲ್ಲಿ ಹೊಳೆಯು ವರ್ಷದ ಬಹುಭಾಗ ಕಣ್ಣಿಗೆ ಕಾಣುವುದಿಲ್ಲ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿ, ಕೊರಟಗೆರೆ ಮಧುಗಿರಿಗಳನ್ನು ಹಾದು ಉತ್ತರ ಪಿನಾಕಿನಿಯನ್ನು ಸೇರುವ ಜಯಮಂಗಲಿಯು ಮಳೆ ಬಂದಾಗ ಕೆಲವು ದಿನ ಹರಿದು, ಅನಂತರ ತನ್ನ ಮರಳಿನೊಳಗೆ ಅಡಗುತ್ತದೆ. ಅಡಗಿದ ಆ ನೀರು ಮತ್ತೆ ಬೆಳಕು ಕಾಣುವ ತಾವೇ ತಲಪರಿಗೆ.

ಹೊಳೆಹಳ್ಳಗಳ ಬದಿಯಲ್ಲಿ, ಕೆರೆಯಂಗಳದಲ್ಲಿ ಆಳವಿಲ್ಲದ ಗುಂಡಿ ತೋಡಿ, ಸುತ್ತ ಕಲ್ಲು ಕಟ್ಟಿ, ಉಕ್ಕುವ ಒರತೆಯನ್ನು ಕಾಲುವೆಯಿಂದ ಗದ್ದೆಗೆ ಹಾಯಿಸುವ ಏರ್ಪಾಡು ಇದು. ಹಳಗನ್ನಡದಲ್ಲಿ ‘ಪರಿ’ ಎಂದರೆ ಹರಿ. ಆ ಧಾತುವೇ ಈ ಹೆಸರಿನಲ್ಲಿ ಉಳಿದಿದೆಯೆಂದು ನನಗೆ ತೋರುತ್ತದೆ. ನೀರು ಸರದಿಯಂತೆ ಎಲ್ಲರಿಗೂ ಸಲ್ಲುತ್ತಿತ್ತು. ಹೂಳೆತ್ತುವ ದುಡಿಮೆಯೂ ಎಲ್ಲರ ಪಾಲಿಗೆ ಬರುತ್ತಿತ್ತು. ಕೊಳವೆಬಾವಿಗಳು ಅಂತರ್ಜಲವನ್ನು ಕೆಳಕ್ಕೆಳೆದ ಮೇಲೆ ತಲಪರಿಗೆಗಳು ಬತ್ತುತ್ತ ಬಂದವು. ತರಗತಿಯಲ್ಲಿ ಈ ಶಬ್ದದ ಅರ್ಥ ಹೇಳಬಲ್ಲ ವಿದ್ಯಾರ್ಥಿಗಳೂ ವರ್ಷದಿಂದ ವರ್ಷಕ್ಕೆ ಕಡಮೆಯಾಗುತ್ತಿದ್ದಾರೆ.

ಉಳಿದ ಒರತೆಗಳಿಗೆ ಈಗ ಮತ್ತೊಂದು ಗಂಡಾಂತರ. ಬಿರುಮಳೆಯು ಹೊಲದ ರಾಸಾಯನಿಕ ಗೊಬ್ಬರವನ್ನೂ ಪೇಟೆಯ ಚರಂಡಿಯ ಕೊಳೆಯನ್ನೂ ತೊಳೆದು ತಗ್ಗಿಗೆ ತರುತ್ತದೆ. ರಂಜಕವು ಮಣ್ಣಿನ ಕಣಗಳಿಗೆ ಅಂಟಿ ಕೆರೆಗೆ ಇಳಿದು ಪಾಚಿಯನ್ನು ಬೆಳೆಸುತ್ತದೆ. ಆ ಪಾಚಿ ಕೊಳೆಯುವಾಗ ನೀರಿನ ಆಮ್ಲಜನಕ ಮುಗಿದು ಮೀನುಗಳು ಸಾಯುತ್ತವೆ. ನೈಟ್ರೇಟಿನ ಬಗೆ ಬೇರೆ. ಮರಳು ಅದನ್ನು ತಡೆಯಲಾರದು; ನೀರಿನೊಡನೆ ಕೆಳಗಿಳಿದು ಅದು ಒರತೆಯನ್ನೇ ಸೇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕುದಿಸಿದರೂ ಹೋಗದು. ಲೀಟರಿಗೆ 45 ಮಿಲಿಗ್ರಾಂ ಮೀರಿದ ನೀರು ಕುಡಿಯಲು ತಕ್ಕುದಲ್ಲವೆಂದು ಭಾರತೀಯ ಮಾನಕವು ವಿಧಿಸಿದೆ. ಮಿತಿಮೀರಿದರೆ ಹಸುಗೂಸುಗಳ ರಕ್ತವು ಆಮ್ಲಜನಕವನ್ನು ಒಯ್ಯುವ ಶಕ್ತಿಯನ್ನು ಕಳೆದುಕೊಂಡು ಮೈ ನೀಲಿಗಟ್ಟುತ್ತದೆ.

ತುಂಬಿ ಹರಿಯುವ ನದಿ ಕೊಳೆಯನ್ನು ಅಷ್ಟಿಷ್ಟಾದರೂ ಮುಂದಕ್ಕೆ ಒಯ್ಯುತ್ತದೆ. ನಮ್ಮ ಹೊಳೆ ಅದನ್ನು ಒಡಲಲ್ಲೇ ಕೂಡಿಟ್ಟುಕೊಳ್ಳುತ್ತದೆ. ನೀರನ್ನು ಹಿಡಿದಿಟ್ಟು ಸೋಸುವ ಮರಳನ್ನು ಲಾರಿಗಳಲ್ಲಿ ಸಾಗಿಸಿದಷ್ಟೂ ಅದರ ಬಲ ಕುಂದುತ್ತದೆ.

ಪರಿಹಾರಗಳು ಅಸಾಧ್ಯವಾದುವಲ್ಲ. ಗೊಬ್ಬರವನ್ನು ಮಳೆಯ ಮುನ್ನ ಒಮ್ಮೆಗೇ ಸುರಿಯದೆ ಬೆಳೆಗೆ ಬೇಕಾದಂತೆ ಕಂತುಕಂತಾಗಿ ಕೊಡುವುದು, ಹಳ್ಳದ ಅಂಚಿನಲ್ಲಿ ಹುಲ್ಲುಬದು ಉಳಿಸುವುದು, ಚರಂಡಿಯ ನೀರನ್ನು ಶುದ್ಧಿಗೊಳಿಸಿಯೇ ಹೊರಬಿಡುವುದು—ಇವು ಎಲ್ಲರೂ ಬಲ್ಲ ಮಾತುಗಳು. ಆದರೆ ಮೇಲಿನ ಹೊಲದವನು ಕೆಳಗಿನ ಒರತೆಯ ನೀರು ಕುಡಿಯುವವನಲ್ಲ. ಆದುದರಿಂದಲೇ ಹೊಣೆ ಯಾರದೂ ಆಗಿಲ್ಲ. ನೀರುಂಡವನೇ ಹೂಳೆತ್ತಬೇಕೆಂಬುದು ತಲಪರಿಗೆಯ ಕಟ್ಟಳೆಯಾಗಿತ್ತು. ಆ ಕಟ್ಟಳೆಯನ್ನು ಒಂದು ಊರಿನಿಂದ ಇಡೀ ಹೊಳೆಯ ಉದ್ದಕ್ಕೂ, ಪೇಟೆಯ ಕೊನೆಯ ಚರಂಡಿಯವರೆಗೂ ಹಬ್ಬಿಸುವುದು ನಮ್ಮ ಕಾಲದ ಕೆಲಸ.