ಗಾಳಿಯಂತ್ರ ತೇಲುತ್ತೆ, ಖರ್ಚು ಮುಳುಗಿಸುತ್ತೆ

ಬಳ್ಳಾರಿ ಎಲ್ಲಿ, ಸಮುದ್ರದಲ್ಲಿ ತೇಲೋ ಗಾಳಿಯಂತ್ರ ಎಲ್ಲಿ ಅಂತ ನೀವು ಕೇಳಬಹುದು. ಒಂದು ಸರಪಳಿ ನೆನಪು ಮಾಡ್ಕೊಳ್ಳಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟಿನ ಸರಪಳಿ ಕಿತ್ತುಹೋಯಿತು, ಗೇಟು ಕೊಚ್ಚಿಹೋಯಿತು. ಸಿರುಗುಪ್ಪ, ಕುರುಗೋಡು ಕಡೆ ಕಾಲುವೆ ನೀರು ನಂಬಿ ಭತ್ತ ಹಾಕಿದವರ ಎದೆ ಧಸಕ್ ಅಂದಿತ್ತು. ಸ್ಟಾಪ್‌ಲಾಗ್ ಇಳಿಸಿ ನೀರು ತಡೆಯೋಕೆ ಸುಮಾರು ಒಂದು ವಾರ ಹಿಡಿಯಿತು. ಅಲ್ಲಿ ಕ್ರೇನ್ ಹೋಗೋಕೆ ದಾರಿಯಾದರೂ ಇತ್ತು. ನಡುಸಮುದ್ರದಲ್ಲಿ ಸರಪಳಿ ಕಡಿದರೆ?

ಸಮುದ್ರದ ಗಾಳಿಯಂತ್ರ ಹೊಸದೇನಲ್ಲ. 1991ರಲ್ಲೇ ಡೆನ್ಮಾರ್ಕ್‌ನ ವಿಂಡೆಬಿಯಲ್ಲಿ 11 ಯಂತ್ರ ನಿಂತವು. ತಳಕ್ಕೆ ಬುನಾದಿ ಹಾಕಿ ನಿಲ್ಲಿಸೋ ಆಟ ನಡೆಯೋದು ಸುಮಾರು 60 ಮೀಟರ್ ಆಳದವರೆಗೆ. ಅದಕ್ಕಿಂತ ಆಳಕ್ಕೆ ಹೋದರೆ ಬುನಾದಿ ಖರ್ಚೇ ಯಂತ್ರವನ್ನು ನುಂಗುತ್ತೆ. ಅದಕ್ಕೇ ತೇಲಿಸೋದು.

ಅಷ್ಟೆತ್ತರದ ಕಂಬ ಮಗುಚಲ್ವಾ? ನಮ್ಮ ಹರಿಗೋಲು ಯಾಕೆ ಸುಲಭಕ್ಕೆ ಮಗುಚಲ್ಲ? ಅಗಲ ಇದೆ. ತಂಜಾವೂರು ಗೊಂಬೆ ಯಾಕೆ ಎದ್ದು ಕೂರುತ್ತೆ? ತಳದಲ್ಲಿ ಭಾರ ಇದೆ. ತೇಲೋ ಯಂತ್ರಗಳ ದೊಡ್ಡ ಎರಡು ಜಾತಿ ಇವೇ. 2017ರಲ್ಲಿ ಸ್ಕಾಟ್ಲೆಂಡ್ ಕಡಲಲ್ಲಿ ಶುರುವಾದ ಹೈವಿಂಡ್, ತಲಾ 6 ಮೆಗಾವ್ಯಾಟ್‌ನ ಐದು ಯಂತ್ರ, ಗೊಂಬೆ ಜಾತಿ. ಪ್ರತಿಯೊಂದಕ್ಕೂ ಮೂರು ಸರಪಳಿ, ತಳದಲ್ಲಿ ಲಂಗರು.

ಚೆನ್ನಾಗೇ ಓಡಿತು. ಆದ್ರೆ 2024ರಲ್ಲಿ ದೊಡ್ಡ ರಿಪೇರಿಗೆ ಐದನ್ನೂ ಬಿಚ್ಚಿ ನಾರ್ವೆಗೆ ಎಳೆದೊಯ್ದರು. ಹೊಲದಲ್ಲಿ ಕೆಟ್ಟ ಟ್ರ್ಯಾಕ್ಟರನ್ನ ಬಳ್ಳಾರಿ ಗ್ಯಾರೇಜಿಗೆ ಎಳೆದು ತಂದ ಹಾಗೆ. ಅಷ್ಟು ದಿನ ಉತ್ಪಾದನೆ ಸೊನ್ನೆ. ಬೆಲೆ ಇಳಿಯಬೇಕಾದ್ದು ಇಂಥ ಕಡೆ.

ನಾರ್ವೆಯ ಹೈವಿಂಡ್ ಟಾಂಪೆನ್‌ನಲ್ಲಿ ಒಂದು ಜಾಣತನ ಮಾಡಿದ್ದಾರೆ. 11 ಯಂತ್ರ, ಯಂತ್ರಕ್ಕೆ ಮೂರರಂತೆ ಲೆಕ್ಕ ಹಾಕಿದ್ರೆ 33 ಲಂಗರು ಬೇಕು. ಅಕ್ಕಪಕ್ಕದ ಯಂತ್ರಗಳು ಲಂಗರು ಹಂಚಿಕೊಂಡಿದ್ದರಿಂದ 19ರಲ್ಲೇ ಮುಗಿಯಿತು. ತೇಲೋ ಬುಡವನ್ನೂ ಉಕ್ಕಿನ ಬದಲು ಕಾಂಕ್ರೀಟಿನಲ್ಲಿ ಕಟ್ಟಿದರು. ಕಲ್ಲಿದ್ದಲ ಕುಲುಮೆಯಲ್ಲಿ ಒಂದು ಟನ್ ಉಕ್ಕು ಮಾಡಿದರೆ ಸುಮಾರು ಎರಡು ಟನ್ ಇಂಗಾಲದ ಡೈಆಕ್ಸೈಡ್ ಹೊರಬರುತ್ತೆ. ತೋರಣಗಲ್ಲಿನ ಚಿಮಣಿ ನೋಡಿಕೊಂಡೇ ಓಡಾಡೋ ನಮಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಸ್ವಚ್ಛ ವಿದ್ಯುತ್ತಿನ ಕಂಬಕ್ಕೂ ಒಂದು ಹೊಗೆ ಲೆಕ್ಕ ಇರುತ್ತೆ.

ನಮ್ಮ ದೇಶದಲ್ಲಿ? 2024ರ ಜೂನ್‌ನಲ್ಲಿ ಕೇಂದ್ರ ಸಂಪುಟ ಸಮುದ್ರ ಗಾಳಿ ವಿದ್ಯುತ್ತಿಗೆ 7,453 ಕೋಟಿ ರೂಪಾಯಿ ಯೋಜನೆ ಒಪ್ಪಿತು. ಗುಜರಾತಿಗೆ 500, ತಮಿಳುನಾಡಿಗೆ 500 ಮೆಗಾವ್ಯಾಟ್. 320 ಕಿಲೋಮೀಟರ್ ಕರಾವಳಿ ಇರೋ ಕರ್ನಾಟಕ ಅದರಲ್ಲಿಲ್ಲ. ನನಗೆ ಬೇಜಾರೇನೂ ಇಲ್ಲ. ಚಿತ್ರದುರ್ಗ, ಗದಗದ ಗುಡ್ಡಗಳಲ್ಲಿ ಒಳ್ಳೇ ಗಾಳಿ ಬೀಸೋ ಜಾಗವನ್ನ ಹಳೇ ಸಣ್ಣ ಯಂತ್ರಗಳು ಹಿಡಿದು ನಿಂತಿವೆ. ಅವನ್ನ ಬದಲಿಸೋದು ಸಮುದ್ರಕ್ಕೆ ಇಳಿಯೋದಕ್ಕಿಂತ ಅಗ್ಗ, ಪಂಪ್‌ಸೆಟ್‌ಗೆ ಹತ್ತಿರ.

ಆದ್ರೆ ಒಂದಲ್ಲ ಒಂದು ದಿನ ಸರದಿ ನಮಗೂ ಬರುತ್ತೆ. ಆಗ ಟೆಂಡರ್ ಕಾಗದದಲ್ಲಿ ನಾನು ಮೊದಲು ಹುಡುಕೋದು ಯೂನಿಟ್ ದರ ಅಲ್ಲ. ಸರಪಳಿಯನ್ನ ಎಷ್ಟು ವರ್ಷಕ್ಕೊಮ್ಮೆ ಬದಲಿಸ್ತೀರಿ, ಆ ದುಡ್ಡನ್ನ ಇವತ್ತೇ ತೆಗೆದಿಟ್ಟಿದ್ದೀರಾ ಅನ್ನೋ ಸಾಲು.