ಚಂದಾದಾರರನ್ನು ನಂಬಿದ ಪತ್ರಿಕೆಗಳು

1964ರಲ್ಲಿ ಧಾರವಾಡದ ಮೂವರು ತರುಣರು ಸೇರಿ ‘ಸಂಕ್ರಮಣ’ವನ್ನು ಆರಂಭಿಸಿದರು. ಚಂದ್ರಶೇಖರ ಪಾಟೀಲ, ಗಿರಡ್ಡಿ ಗೋವಿಂದರಾಜ ಮತ್ತು ಸಿದ್ಧಲಿಂಗ ಪಟ್ಟಣಶೆಟ್ಟಿ ಆ ಮೂವರು. ದೊಡ್ಡ ಪತ್ರಿಕಾ ಸಂಸ್ಥೆ ಯಾವುದೂ ಅವರ ಬೆನ್ನಿಗಿರಲಿಲ್ಲ. ಮುಂದೆ ಪತ್ರಿಕೆಯ ಹೊರೆ ‘ಚಂಪಾ’ ಎಂದೇ ಹೆಸರಾದ ಚಂದ್ರಶೇಖರ ಪಾಟೀಲರೊಬ್ಬರ ಹೆಗಲಿಗೆ ಬಂತು. ದಶಕಗಳ ಕಾಲ ಅವರು ಅದನ್ನು ಹೊತ್ತರು. ನವ್ಯದಿಂದ ಬಂಡಾಯದ ಕಡೆಗೆ ಕನ್ನಡ ಸಾಹಿತ್ಯ ಹೊರಳಿದ ಬಗೆಯನ್ನು ತಿಳಿಯಬೇಕೆನ್ನುವವರು ಇಂದಿಗೂ ‘ಸಂಕ್ರಮಣ’ದ ಹಳೆಯ ಸಂಚಿಕೆಗಳನ್ನು ಹುಡುಕಿಕೊಂಡು ಹೋಗಬೇಕು.

ಕನ್ನಡದಲ್ಲಿ ಇಂಥ ಪತ್ರಿಕೆಗಳ ಸಾಲು ದೊಡ್ಡದು. 1919ರಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ‘ಪ್ರಬುದ್ಧ ಕರ್ನಾಟಕ’ಕ್ಕೆ ಚಾಲನೆ ಕೊಟ್ಟರು. ಮಾಸ್ತಿ ಎರಡು ದಶಕಗಳಷ್ಟು ಕಾಲ ‘ಜೀವನ’ದ ಸಂಪಾದಕರಾಗಿದ್ದರು. ಗೋಪಾಲಕೃಷ್ಣ ಅಡಿಗರ ‘ಸಾಕ್ಷಿ’ ನವ್ಯರಿಗೆ ವೇದಿಕೆಯಾಯಿತು. 1973ರಲ್ಲಿ ‘ಶೂದ್ರ’ ಆರಂಭಿಸಿದ ಶ್ರೀನಿವಾಸ್ ಅವರನ್ನು ನಾಡು ಶೂದ್ರ ಶ್ರೀನಿವಾಸ್ ಎಂದೇ ಕರೆಯತೊಡಗಿತು. 1981ರಲ್ಲಿ ಅನಂತಮೂರ್ತಿಯವರ ‘ರುಜುವಾತು’ ಬಂತು, 2005ರಲ್ಲಿ ವಿವೇಕ ಶಾನಭಾಗರ ‘ದೇಶ ಕಾಲ’. ಏಳು ವರ್ಷ ನಡೆದ ‘ದೇಶ ಕಾಲ’ 2012ರಲ್ಲಿ ನಿಂತಿತು. ಹೆಗ್ಗೋಡಿನ ನೀನಾಸಂ ತನ್ನ ‘ಮಾತುಕತೆ’ಯನ್ನು ಮೂರು ತಿಂಗಳಿಗೊಮ್ಮೆ ಓದುಗರಿಗೆ ಕಳಿಸುತ್ತ ಬಂದಿದೆ.

ಓದುಗರ ಕೈಗೆ ಬರುವುದು ನೂರು ಪುಟಗಳ ಒಂದು ಸಂಚಿಕೆ. ಅದರ ಹಿಂದಿನ ಕೆಲಸವನ್ನು ಮಾಡುವವರು ಸಾಮಾನ್ಯವಾಗಿ ಒಬ್ಬರು ಅಥವಾ ಇಬ್ಬರು, ಅವರೂ ಬೇರೆಡೆ ನೌಕರಿ ಮಾಡುವವರು. ಲೇಖಕರ ಬೆನ್ನುಬಿದ್ದು ಬರಹ ತರಿಸುವುದು, ಡಿಟಿಪಿ ಮಾಡಿಸುವುದು, ಕರಡು ತಿದ್ದುವುದು, ಮುಖಪುಟಕ್ಕೆ ಕಲಾವಿದರನ್ನು ಕೇಳಿಕೊಳ್ಳುವುದು, ಮುದ್ರಣಾಲಯದವರೊಡನೆ ಕಾಗದದ ದರ ಚೌಕಾಸಿ ಮಾಡುವುದು, ಕೊನೆಗೆ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ವಿಳಾಸದ ಚೀಟಿ ಅಂಟಿಸುವುದು. ಸಂಪಾದಕನ ದುಡಿಮೆಗೆ ಪತ್ರಿಕೆಯ ಲೆಕ್ಕಪತ್ರದಲ್ಲಿ ಕಲಮೇ ಇರುವುದಿಲ್ಲ. ಬರೆದವರಿಗೂ ಹೆಚ್ಚಿನ ಸಲ ಸಿಗುವುದು ಗೌರವ ಪ್ರತಿ ಮಾತ್ರ.

ಖರ್ಚಿನಲ್ಲಿ ಮುದ್ರಣ ದೊಡ್ಡದು. ಆದರೆ ಪತ್ರಿಕೆಯನ್ನು ಹೆಚ್ಚು ಕಾಡುವುದು ಅಂಚೆ. ನೋಂದಾಯಿತ ಪತ್ರಿಕೆಗಳಿಗೆ ಅಂಚೆ ಇಲಾಖೆ ಬಹುಕಾಲ ದೊಡ್ಡ ರಿಯಾಯಿತಿ ಕೊಟ್ಟಿದೆ. 50 ಗ್ರಾಂವರೆಗಿನ ಪ್ರತಿಗೆ 25 ಪೈಸೆ, 100 ಗ್ರಾಂವರೆಗೆ 50 ಪೈಸೆ. ಮಾಸಪತ್ರಿಕೆಗಳು ಉಸಿರಾಡಿದ್ದು ಇದರಿಂದಲೇ. ಆದರೆ 1898ರ ಅಂಚೆ ಕಾಯ್ದೆಯಲ್ಲಿ ಇದಕ್ಕೊಂದು ಷರತ್ತಿತ್ತು: ಎರಡು ಸಂಚಿಕೆಗಳ ನಡುವೆ 31 ದಿನಕ್ಕಿಂತ ಹೆಚ್ಚು ಅಂತರ ಇರಕೂಡದು. ಸಾಹಿತ್ಯ, ಕಲೆಗಳ ಗಂಭೀರ ಪತ್ರಿಕೆಗಳಲ್ಲಿ ಬಹಳಷ್ಟು ತ್ರೈಮಾಸಿಕಗಳು. ದೀರ್ಘ ಪ್ರಬಂಧ ಬರೆಸಲು, ಒಳ್ಳೆಯ ಅನುವಾದ ಮಾಡಿಸಲು ಅಷ್ಟು ಸಮಯ ಬೇಕೇ ಬೇಕು. ಹಾಗೆ ಸಮಯ ತೆಗೆದುಕೊಂಡ ತಪ್ಪಿಗೆ ಅವು ರಿಯಾಯಿತಿಯ ಹೊರಗುಳಿದವು. ಇದು ಅನ್ಯಾಯ. ನಿಧಾನವಾಗಿ ಬರುವ ಪತ್ರಿಕೆಗೇ ಅಂಚೆಯ ನೆರವು ಹೆಚ್ಚು ಬೇಕಾಗಿತ್ತು.

ಇನ್ನೊಂದು ಇಕ್ಕಟ್ಟು ಆಜೀವ ಚಂದಾದ್ದು. ಪತ್ರಿಕೆ ಹುಟ್ಟಿದ ಹೊಸತರಲ್ಲಿ ಕೈಯಲ್ಲಿ ಕಾಸಿರುವುದಿಲ್ಲ. ಹಿತೈಷಿಗಳು ಒಂದೇ ಕಂತಿನಲ್ಲಿ ದುಡ್ಡು ಕೊಡುತ್ತಾರೆ. ಆ ಹಣ ಮೊದಲೆರಡು ವರ್ಷಗಳ ಕಾಗದಕ್ಕೇ ಕರಗಿಹೋಗುತ್ತದೆ. ಆಮೇಲೆ ಬೆಲೆಗಳು ಏರಿದರೂ ಅವರಿಗೆಲ್ಲ ಪ್ರತಿ ಕಳಿಸುತ್ತಲೇ ಇರಬೇಕು. ವಾರ್ಷಿಕ ಚಂದಾದಾರ ಮುಗಿದ ಚಂದಾ ಮರೆಯುತ್ತಾನೆ, ಮನೆ ಬದಲಿಸಿದ್ದನ್ನು ತಿಳಿಸುವುದಿಲ್ಲ, ಪ್ರತಿ ವಾಪಸು ಬರುತ್ತದೆ. ಪತ್ರಿಕೆ ನಿಂತಾಗ ಜನ ಓದುವುದನ್ನೇ ಬಿಟ್ಟರು ಎನ್ನುವವರುಂಟು. ಹಲವು ಸಲ ನಿಜವಾದ ಕಾರಣ ಇಂಥ ಸಣ್ಣ ಸಣ್ಣ ಸೋರಿಕೆಗಳೇ.

ಧಾರವಾಡದ ಮನೋಹರ ಗ್ರಂಥಮಾಲೆಯ ಅನುಭವ ಇಲ್ಲಿ ನೆನೆಯುವಂಥದ್ದು. 1933ರಲ್ಲಿ ಆರಂಭವಾದ ಈ ಪ್ರಕಾಶನವನ್ನು ಜಿ.ಬಿ. ಜೋಶಿ ಚಂದಾದಾರರ ಬಲದ ಮೇಲೆ ಕಟ್ಟಿದರು. ಮೊದಲೇ ಹಣ ಕೊಟ್ಟು ಪುಸ್ತಕಕ್ಕೆ ಕಾಯುವ ಓದುಗರಿದ್ದುದರಿಂದ ಹೊಸಬರ ಕೃತಿ ಅಚ್ಚಿಸುವ ಧೈರ್ಯ ಬಂತು. ಗಿರೀಶ ಕಾರ್ನಾಡರ ಮೊದಲ ನಾಟಕ ‘ಯಯಾತಿ’ ಹೊರಬಂದದ್ದು ಅಲ್ಲಿಂದಲೇ.

ಊರ ಕಲೆಗಳ ವಿಷಯಕ್ಕೆ ಬಂದರೆ ಸಣ್ಣ ಪತ್ರಿಕೆಯ ಬೆಲೆ ಇನ್ನೂ ಹೆಚ್ಚು. ದಿನಪತ್ರಿಕೆಯಲ್ಲಿ ಯಕ್ಷಗಾನದ ಆಟ ಒಂದು ಫೋಟೊದಲ್ಲಿ ಮುಗಿದುಹೋಗುತ್ತದೆ. ‘ಯಕ್ಷರಂಗ’, ‘ಬಲ್ಲಿರೇನಯ್ಯ’, ಕಾಸರಗೋಡು ಸೀಮೆಯ ‘ಕಣಿಪುರ’ದಂಥ ಪತ್ರಿಕೆಗಳು ಯಕ್ಷಗಾನಕ್ಕೇ ಮೀಸಲಾಗಿ ಬಂದವು. ಒಬ್ಬ ಭಾಗವತರ ಹಾಡಿಕೆಯ ಕ್ರಮವನ್ನೋ ಹಿರಿಯ ವೇಷಧಾರಿಯ ಮಾತುಗಾರಿಕೆಯನ್ನೋ ಪುಟಗಟ್ಟಲೆ ಚರ್ಚಿಸುವ ಜಾಗ ಇರುವುದು ಇಂಥಲ್ಲಿಯೇ. ಕಲಾವಿದ ತೀರಿಕೊಂಡ ಮೇಲೆ ಸಂಶೋಧಕರಿಗೆ ಆಧಾರವಾಗುವುದೂ ಇವೇ.

ಈಗ ಪತ್ರಿಕೆ ನೋಂದಾಯಿಸುವ ಕಾನೂನಿನ ಹಾದಿ ತುಸು ಸಲೀಸಾಗಿದೆ. 1867ರ ಹಳೆಯ ಕಾಯ್ದೆಯ ಬದಲು 2023ರ ಹೊಸ ಕಾಯ್ದೆ 2024ರ ಮಾರ್ಚ್ 1ರಿಂದ ಜಾರಿಗೆ ಬಂದಿದ್ದು, ಹೆಸರಿನ ಮಂಜೂರಾತಿಗೂ ನೋಂದಣಿಗೂ ಒಟ್ಟಿಗೇ ಆನ್‌ಲೈನ್ ಅರ್ಜಿ ಹಾಕಬಹುದು. ಪತ್ರಿಕೆ ಶುರುಮಾಡುವುದು ಸುಲಭವಾಗಿದೆ, ಮೂರನೆಯ ವರ್ಷಕ್ಕೆ ದಾಟಿಸುವುದು ಸುಲಭವಾಗಿಲ್ಲ. ನಿಮ್ಮ ಜಿಲ್ಲೆಯಲ್ಲಿ ಅಂಥದೊಂದು ಪತ್ರಿಕೆ ಬರುತ್ತಿದ್ದರೆ ಗೌರವ ಪ್ರತಿ ಕೇಳಬೇಡಿ. ಒಂದು ವರ್ಷದ ಚಂದಾ ಕಳಿಸಿ, ಅವಧಿ ಮುಗಿದ ತಿಂಗಳೇ ನವೀಕರಿಸಿ, ಮನೆ ಬದಲಿಸಿದರೆ ಸಂಪಾದಕರಿಗೆ ಹೊಸ ವಿಳಾಸ ತಿಳಿಸಿ.