ಗಾಲಿಯ ಮೇಲಿನ ಮನೆ, ನೆಲದಡಿಯ ನಾತ

1910ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನ ವಾಹನ ಪ್ರದರ್ಶನಕ್ಕೆ ಪಿಯರ್ಸ್-ಆ್ಯರೋ ಕಂಪನಿ ‘ಟೂರಿಂಗ್ ಲ್ಯಾಂಡೊ’ ಎಂಬ ಹೊಸ ಕಾರನ್ನು ತಂದಿತು. ಹಿಂದಿನ ಸೀಟು ಬಿಡಿಸಿದರೆ ಮಂಚ. ಚಾಲಕನ ಸೀಟಿನ ಬೆನ್ನಿಗೆ ಮಡಚಿಡುವ ಸಿಂಕು. ಜತೆಗೊಂದು ಮಲಪಾತ್ರೆ. ಅಮೆರಿಕದ ಮೋಟರ್‌ಹೋಮ್‌ಗಳ ಚರಿತ್ರೆ ಹೇಳುವವರು ಈ ಕಾರನ್ನು ಮರೆಯುವುದಿಲ್ಲ. ಆ ಮಲಪಾತ್ರೆಗೆ ವಾಸನೆಯ ಕಾಟ ಅಷ್ಟಾಗಿ ಇದ್ದಿರಲಾರದು. ಬಳಸಿದ್ದನ್ನು ಆಗಲೇ ಹೊರಗೆ ಚೆಲ್ಲಬೇಕಿತ್ತು, ಕೂಡಿಡಲು ಜಾಗವೇ ಇರಲಿಲ್ಲ.

ನಾತ ಹುಟ್ಟಿದ್ದು ಕೂಡಿಡಲು ಶುರು ಮಾಡಿದ ಮೇಲೆ.

ಕಾರಿನ ಹಿಂದೆ ಎಳೆದೊಯ್ಯುವ ಟ್ರೇಲರ್‌ಗಳು 1930ರ ದಶಕದಲ್ಲಿ ಜನಪ್ರಿಯವಾದವು. ಏರ್‌ಸ್ಟ್ರೀಮ್ ಕಂಪನಿಯ ವಾಲಿ ಬಯಮ್ 1936ರಲ್ಲಿ ‘ಕ್ಲಿಪ್ಪರ್’ ಎಂಬ ಬೆಳ್ಳಿ ಬಣ್ಣದ ಅಲ್ಯೂಮಿನಿಯಂ ಟ್ರೇಲರ್ ತಂದರು. ಅದರಲ್ಲಿ ನೀರಿತ್ತು, ವಿದ್ಯುತ್ ದೀಪವಿತ್ತು. ಆದರೆ ಶೌಚದ ವಿಷಯದಲ್ಲಿ ಆ ಕಾಲದ ಪ್ರಯಾಣಿಕರು ಬಕೆಟ್ಟನ್ನೋ ತಂಗುದಾಣದ ಕಕ್ಕಸನ್ನೋ ನಂಬಿಕೊಂಡಿದ್ದರು. ಹೊರಗಿನ ನೀರು, ಕರೆಂಟು, ಚರಂಡಿ ಯಾವುದರ ಹಂಗೂ ಇಲ್ಲದೆ ಕಾಡಿನ ನಡುವೆಯೂ ನಿಲ್ಲಬಲ್ಲ ಟ್ರೇಲರ್ ಎಂದು ಏರ್‌ಸ್ಟ್ರೀಮ್ ತನ್ನ ‘ಇಂಟರ್‌ನ್ಯಾಷನಲ್’ ಮಾದರಿಯನ್ನು ಮಾರುಕಟ್ಟೆಗೆ ಬಿಟ್ಟದ್ದು 1957ರಲ್ಲಿ. 1963ರಲ್ಲಿ ಮಿಷಿಗನ್ ರಾಜ್ಯದಲ್ಲಿ ಥೆಟ್‌ಫರ್ಡ್ ಎಂಬ ಕಂಪನಿ ಇಂಥ ವಾಹನಗಳ ಕಮೋಡ್‌ಗಳನ್ನೇ ಕಸುಬಾಗಿಸಿಕೊಂಡು ಹುಟ್ಟಿತು. 1966ರಲ್ಲಿ ಅಯೋವಾದ ಫಾರೆಸ್ಟ್ ಸಿಟಿಯಲ್ಲಿ ವಿನ್ನೆಬೆಗೊ ಕಂಪನಿ ಮೋಟರ್‌ಹೋಮ್‌ಗಳನ್ನು ಕಾರಿನಂತೆ ಸಾಲಿನಲ್ಲಿ ಜೋಡಿಸಿ ಅಗ್ಗದ ಬೆಲೆಗೆ ಮಾರತೊಡಗಿತು. 1968ರಲ್ಲಿ ಥೆಟ್‌ಫರ್ಡ್‌ನ ಕೈಯಲ್ಲಿ ಹೊತ್ತೊಯ್ಯುವ ‘ಪೋರ್ಟಾ ಪಾಟಿ’ ಬಂತು. ಹೀಗೆ ಹತ್ತು ಹನ್ನೆರಡು ವರ್ಷಗಳ ಒಳಗೆ ಮಧ್ಯಮ ವರ್ಗದ ಅಮೆರಿಕನ್ ಕುಟುಂಬ ತನ್ನ ಮಲಮೂತ್ರವನ್ನು ತಾನು ಮಲಗುವ ನೆಲದ ಅಡಿಯಲ್ಲೇ ಇಟ್ಟುಕೊಂಡು ಸಾವಿರಾರು ಮೈಲಿ ಓಡಾಡತೊಡಗಿತು.

ಇಂದಿನ ಮೋಟರ್‌ಹೋಮ್‌ನ ಅಡಿಯಲ್ಲಿ ಸಾಮಾನ್ಯವಾಗಿ ಮೂರು ಟ್ಯಾಂಕ್‌ಗಳಿರುತ್ತವೆ. ಒಂದರಲ್ಲಿ ಶುದ್ಧ ನೀರು. ಇನ್ನೊಂದರಲ್ಲಿ ಸಿಂಕು ಮತ್ತು ಸ್ನಾನದ ನೀರು. ಮೂರನೆಯದು ಕಮೋಡ್‌ನ ಕೆಳಗಿನ ಮಲದ ಟ್ಯಾಂಕ್, ಹೆಚ್ಚಿನ ವಾಹನಗಳಲ್ಲಿ ನೂರು, ನೂರೈವತ್ತು ಲೀಟರ್ ಹಿಡಿಯುವಂಥದ್ದು. ಅದರಿಂದ ಒಂದು ಕೊಳವೆ ಗೋಡೆಯೊಳಗೆ ಹಾದು ಛಾವಣಿಗೆ ಹೋಗುತ್ತದೆ, ಗಾಳಿ ಆಡಲು. ಇನ್ನೊಂದು ಮೂರು ಇಂಚಿನ ಕೊಳವೆ ಕೆಳಗೆ, ಖಾಲಿ ಮಾಡಲು.

ಈ ಟ್ಯಾಂಕಿನೊಳಗೆ ಆಮ್ಲಜನಕ ಬೇಗ ಮುಗಿಯುತ್ತದೆ. ಆಮ್ಲಜನಕ ಬೇಡದ ಬ್ಯಾಕ್ಟೀರಿಯಾಗಳ ಕಾರುಬಾರು ಆಮೇಲೆ. ಅವು ಉಸಿರಾಡಲು ನೀರಿನಲ್ಲಿರುವ ಸಲ್ಫೇಟನ್ನು ಬಳಸಿಕೊಂಡು ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ. ಕೊಳೆತ ಮೊಟ್ಟೆಯ ನಾತ ಇದರದೇ. ಮೂತ್ರದ ಯೂರಿಯಾ ಒಡೆದು ಅಮೋನಿಯಾ ಬರುತ್ತದೆ, ಕಣ್ಣು ಉರಿಸುವ ಘಾಟು ಅದರದು. ಗಾಳಿಯ ನೂರು ಕೋಟಿ ಭಾಗಗಳಲ್ಲಿ ಕೆಲವೇ ಭಾಗ ಹೈಡ್ರೋಜನ್ ಸಲ್ಫೈಡ್ ಇದ್ದರೂ ಮನುಷ್ಯನ ಮೂಗು ಹಿಡಿದುಬಿಡುತ್ತದೆ. ಅದೇ ಅನಿಲ ಹತ್ತು ಲಕ್ಷಕ್ಕೆ ನೂರು ಭಾಗದ ಮಟ್ಟಕ್ಕೆ ಏರಿದರೆ ಮೂಗು ಮರಗಟ್ಟಿ ವಾಸನೆಯೇ ತಿಳಿಯುವುದಿಲ್ಲ. ನಮ್ಮ ಊರುಗಳ ಮ್ಯಾನ್‌ಹೋಲ್‌ಗಳಿಗೆ ಇಳಿದ ಕಾರ್ಮಿಕರ ಜೀವ ತೆಗೆಯುತ್ತಿರುವುದೂ ಈ ಅನಿಲವೇ. ಮೋಟರ್‌ಹೋಮ್‌ನ ಟ್ಯಾಂಕ್ ಚಿಕ್ಕದು, ಅಪಾಯ ಆ ಮಟ್ಟದ್ದಲ್ಲ. ಆದರೆ ಅದರ ಗಬ್ಬು ನಾತವನ್ನು ಬರೀ ಮುಜುಗರದ ವಿಷಯವೆಂದು ತಳ್ಳಿಹಾಕುವಂತಿಲ್ಲ.

ಬ್ಯಾಕ್ಟೀರಿಯಾಗಳನ್ನು ಸಾಯಿಸಿಬಿಡುವುದು ಮೊದಲು ಹೊಳೆದ ಪರಿಹಾರ. ಶವ ಕೆಡದಂತೆ ಇಡುವ ಫಾರ್ಮಾಲ್ಡಿಹೈಡನ್ನೇ ಟ್ಯಾಂಕಿಗೂ ಸುರಿದರು. ಜತೆಗೆ ಕಡು ನೀಲಿ ಬಣ್ಣ, ಒಂದಿಷ್ಟು ಸುಗಂಧ. ಮೋಟರ್‌ಹೋಮ್ ಅಂಗಡಿಗಳಲ್ಲಿ ನೀಲಿ ದ್ರವದ ಬಾಟಲಿಗಳು ದಶಕಗಳ ಕಾಲ ಬಿಸಿ ದೋಸೆಯಂತೆ ಖರ್ಚಾದವು. ವಾಸನೆ ನಿಜಕ್ಕೂ ತಗ್ಗುತ್ತಿತ್ತು, ಅದನ್ನು ಅಲ್ಲಗಳೆಯುವಂತಿಲ್ಲ.

ತೊಂದರೆ ಕಾಣಿಸಿಕೊಂಡದ್ದು ಟ್ಯಾಂಕ್ ಖಾಲಿ ಮಾಡುವ ಜಾಗಗಳಲ್ಲಿ. ಅಮೆರಿಕದ ಬಹಳಷ್ಟು ತಂಗುದಾಣಗಳು ನಗರದ ಒಳಚರಂಡಿಗೆ ಸೇರಿದವಲ್ಲ, ತಮ್ಮದೇ ಸೆಪ್ಟಿಕ್ ಟ್ಯಾಂಕ್ ಇಟ್ಟುಕೊಂಡವು. ಸೆಪ್ಟಿಕ್ ಟ್ಯಾಂಕ್ ನಡೆಯುವುದೇ ಬ್ಯಾಕ್ಟೀರಿಯಾಗಳ ದುಡಿಮೆಯಿಂದ. ರಜೆಯ ದಿನಗಳಲ್ಲಿ ಸಾಲುಗಟ್ಟಿ ಬಂದ ವಾಹನಗಳು ಫಾರ್ಮಾಲ್ಡಿಹೈಡ್ ಬೆರೆತ ಕೊಳಚೆ ಸುರಿದಾಗ ಆ ಬ್ಯಾಕ್ಟೀರಿಯಾಗಳೂ ಸತ್ತವು. ಮಲ ಕೊಳೆಯದೆ ಉಳಿಯಿತು, ಇಂಗುಗುಂಡಿಗಳು ಕಟ್ಟಿಕೊಂಡವು, ಅಂತರ್ಜಲದ ಪ್ರಶ್ನೆ ಎದ್ದಿತು. ಒಬ್ಬರ ಮೂಗಿನ ನೆಮ್ಮದಿಗೆ ಇನ್ನೊಬ್ಬರ ಬಾವಿ ಬೆಲೆ ತೆರುವ ಸ್ಥಿತಿ ಬಂತು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಫಾರ್ಮಾಲ್ಡಿಹೈಡನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ವಾಹನ ಮಾಲೀಕರಿಗೆ ಇಂಥ ರಾಸಾಯನಿಕ ಬಳಸದಂತೆ ತಿಳಿವಳಿಕೆ ಪತ್ರ ಹೊರಡಿಸಿತು. ಕ್ಯಾಲಿಫೋರ್ನಿಯಾ ಕಾನೂನಿನ ಮೂಲಕವೇ ಇವನ್ನು ತಡೆಯಿತು.

ಆಮೇಲೆ ಬಂದ ಮದ್ದುಗಳ ತರ್ಕ ಬೇರೆ. ಬ್ಯಾಕ್ಟೀರಿಯಾಗಳನ್ನು ಕೊಲ್ಲಬೇಡಿ, ಅವುಗಳ ಊಟ ಬದಲಿಸಿ. ಟ್ಯಾಂಕಿಗೆ ಕ್ಯಾಲ್ಸಿಯಂ ನೈಟ್ರೇಟ್‌ನಂಥ ಲವಣ ಹಾಕಿದರೆ ಬ್ಯಾಕ್ಟೀರಿಯಾಗಳು ಸಲ್ಫೇಟ್ ಬಿಟ್ಟು ನೈಟ್ರೇಟ್‌ಗೆ ಬಾಯಿ ಹಾಕುತ್ತವೆ, ಏಕೆಂದರೆ ಅದರಿಂದ ಅವಕ್ಕೆ ಹೆಚ್ಚು ಶಕ್ತಿ ಸಿಗುತ್ತದೆ. ಆಗ ಹೊರಬರುವುದು ವಾಸನೆಯಿಲ್ಲದ ಸಾರಜನಕ. ಕೊಳೆತ ಮೊಟ್ಟೆಯ ನಾತ ಹುಟ್ಟುವ ಹಂತಕ್ಕೇ ಹೋಗುವುದಿಲ್ಲ. ನಗರಗಳ ದೊಡ್ಡ ಒಳಚರಂಡಿ ಕೊಳವೆಗಳಲ್ಲೂ ಇದೇ ಉಪಾಯ ಬಳಕೆಯಲ್ಲಿದೆ. ಶತ್ರುವೆಂದು ಬಗೆದ ಜೀವಿಯನ್ನು ಕೆಲಸದಾಳಾಗಿ ಮಾಡಿಕೊಂಡ ಈ ತಿರುವು ಇಡೀ ಕಥೆಯಲ್ಲಿ ಎಲ್ಲಕ್ಕಿಂತ ಚೆನ್ನಾದ ಭಾಗ.

ಹಾಗಿದ್ದರೂ ಬಾಟಲಿಯ ಮದ್ದು ಅರ್ಧ ಪರಿಹಾರ ಮಾತ್ರ. ವಾಹನದೊಳಗೆ ನಾತ ಬರುವುದು ಬಹಳ ಸಲ ಟ್ಯಾಂಕಿನ ದೋಷದಿಂದಲ್ಲ, ಗಾಳಿ ಹಾದಿ ತಪ್ಪುವುದರಿಂದ. ಬೇಸಿಗೆಯ ಹೆದ್ದಾರಿಯಲ್ಲಿ ವಾಹನ ಓಡುತ್ತಿರುವಾಗ ಛಾವಣಿಯ ಫ್ಯಾನ್ ಹಾಕಿದರೆ ಅದು ಒಳಗಿನ ಗಾಳಿಯನ್ನು ಹೊರಗೆ ಎಳೆದು ಒತ್ತಡ ತಗ್ಗಿಸುತ್ತದೆ. ಅದೇ ಹೊತ್ತಿಗೆ ಯಾರೋ ಕಮೋಡ್‌ನ ಪೆಡಲ್ ಒತ್ತುತ್ತಾರೆ. ಬಾಯಿ ತೆರೆದ ಟ್ಯಾಂಕಿನ ಅನಿಲ ಛಾವಣಿಯ ಕೊಳವೆ ಬಿಟ್ಟು ನೇರ ಕೋಣೆಗೆ ನುಗ್ಗುತ್ತದೆ. ಮೊದಲು ಫ್ಯಾನ್ ಆರಿಸಿ, ಆಮೇಲೆ ಪೆಡಲ್ ಒತ್ತಿ ಎಂದು ಅನುಭವಿಗಳು ಹೊಸಬರಿಗೆ ಹೇಳಿಕೊಡುವುದು ಇದಕ್ಕೇ. ಗಾಳಿ ಬೀಸಿದಾಗ ಕೊಳವೆಯ ಅನಿಲವನ್ನು ಮೇಲಕ್ಕೆ ಹೀರಿಕೊಳ್ಳುವ ಹಾಗೆ ರೂಪಿಸಿದ ಮುಚ್ಚಳಗಳೂ ಬಂದಿವೆ.

ಇನ್ನು ರಬ್ಬರ್ ವಾಷರ್. ಮೋಟರ್‌ಹೋಮ್ ಕಮೋಡ್‌ನ ತಳದಲ್ಲಿ ಅರ್ಧಗೋಳದಂಥ ಮುಚ್ಚಳವೊಂದು ಪೆಡಲ್ ಒತ್ತಿದಾಗ ಸರಿಯುತ್ತದೆ, ಬಿಟ್ಟಾಗ ಮುಚ್ಚುತ್ತದೆ. ಅದರ ಸುತ್ತ ಒಂದು ರಬ್ಬರ್ ಬಳೆ. ಮುಚ್ಚಿದಾಗ ಬಟ್ಟಲಿನಲ್ಲಿ ಬೆರಳಷ್ಟು ನೀರು ನಿಲ್ಲಬೇಕು, ಆ ನೀರೇ ನಾತಕ್ಕೆ ಬೀಗ. ಗಡಸು ನೀರಿನ ಸುಣ್ಣ ಆ ಬಳೆಯ ಅಂಚಿಗೆ ಹತ್ತಿಕೊಂಡರೆ, ಇಲ್ಲವೇ ಕಾಗದದ ಎಳೆಯೊಂದು ಸಿಕ್ಕಿಕೊಂಡರೆ, ನೀರು ಸದ್ದಿಲ್ಲದೆ ಕೆಳಗಿಳಿಯುತ್ತದೆ. ಬೆಳಗ್ಗೆ ಎದ್ದಾಗ ಬಟ್ಟಲು ಒಣಗಿದ್ದರೆ ದುಬಾರಿ ಬಾಟಲಿ ತರುವ ಅಗತ್ಯವಿಲ್ಲ. ವಿನೆಗರ್ ಹಾಕಿ ಉಜ್ಜಬೇಕು, ಸರಿಹೋಗದಿದ್ದರೆ ಕೆಲವೇ ಡಾಲರ್‌ನ ವಾಷರ್ ಬದಲಿಸಬೇಕು. ಸಿಂಕಿನ ಕೆಳಗಿನ ಬಾಗು ಕೊಳವೆಯ ಕಥೆಯೂ ಅಷ್ಟೇ. ವಾಹನ ತಿಂಗಳುಗಟ್ಟಲೆ ನಿಂತಾಗ ಅಲ್ಲಿನ ನೀರು ಆರಿ ನಾತಕ್ಕೆ ದಾರಿ ಬಿಡುತ್ತದೆ. ಒಂದು ಚೆಂಬು ನೀರು ಸುರಿದರೆ ಸಾಕು.

ಹೊಸಬರು ಸಾಮಾನ್ಯವಾಗಿ ಎಡವುವುದು ನೀರಿನ ಲೆಕ್ಕದಲ್ಲಿ. ಟ್ಯಾಂಕ್ ಬೇಗ ತುಂಬೀತೆಂದು ಹೆದರಿ ಚಿಟಿಕೆ ನೀರು ಬಿಡುತ್ತಾರೆ. ತಂಗುದಾಣದ ಚರಂಡಿಗೆ ಜೋಡಿಸಿದಾಗ ಮಲದ ಟ್ಯಾಂಕಿನ ವಾಲ್ವ್ ತೆರೆದೇ ಇಡುತ್ತಾರೆ. ತೆರೆದಿಟ್ಟರೆ ನೀರೆಲ್ಲ ಹರಿದುಹೋಗಿ ಘನವಸ್ತು ಕಮೋಡ್‌ನ ಕೆಳಗೆ ಗೋಪುರದಂತೆ ಏರಿ ಕಲ್ಲಾಗುತ್ತದೆ. ವಾಲ್ವ್ ಮುಚ್ಚಿಟ್ಟು ಟ್ಯಾಂಕ್ ಮುಕ್ಕಾಲು ತುಂಬುವವರೆಗೆ ಕಾದು ಒಮ್ಮೆಲೇ ಬಿಟ್ಟರೆ ನೀರಿನ ರಭಸಕ್ಕೆ ಎಲ್ಲವೂ ಕೊಚ್ಚಿಹೋಗುತ್ತದೆ.

ಖಾಲಿ ಮಾಡುವುದಕ್ಕೂ ಒಂದು ಕ್ರಮವಿದೆ. ಕೈಗವಸು ಹಾಕಿ, ಕೊಳವೆಯ ಒಂದು ತುದಿಯನ್ನು ವಾಹನಕ್ಕೆ, ಇನ್ನೊಂದನ್ನು ನೆಲದ ಬಾಯಿಗೆ ಬಿಗಿಯಾಗಿ ಸಿಕ್ಕಿಸಬೇಕು. ನಡುವೆ ಮೊಣಕೈಯಂತೆ ಬಾಗಿದ ಪಾರದರ್ಶಕ ತುಂಡೊಂದನ್ನು ಇಟ್ಟುಕೊಳ್ಳುತ್ತಾರೆ, ಹರಿಯುವ ನೀರು ತಿಳಿಯಾಯಿತೇ ಎಂದು ಕಣ್ಣಾರೆ ನೋಡಲು. ಮೊದಲು ಮಲದ ಟ್ಯಾಂಕ್. ಆಮೇಲೆ ಸ್ನಾನದ ನೀರಿನ ಟ್ಯಾಂಕ್, ಅದರ ಸೋಪಿನ ನೀರು ಕೊಳವೆಯನ್ನು ತೊಳೆದುಕೊಂಡು ಹೋಗಲಿ ಎಂದು. ಕೊನೆಗೆ ಖಾಲಿ ಟ್ಯಾಂಕಿಗೆ ಹತ್ತು ಹದಿನೈದು ಲೀಟರ್ ಶುದ್ಧ ನೀರು ಬಿಟ್ಟು, ಅದರ ಮೇಲೆ ಮದ್ದು ಹಾಕುತ್ತಾರೆ. ತಳ ಎಂದೂ ಒಣಗಬಾರದು.

ಯುರೋಪಿನ ವಾಹನಗಳು ಚಿಕ್ಕವು, ಅಲ್ಲಿನವರ ದಾರಿಯೂ ಬೇರೆ. ಕಮೋಡ್‌ನ ಅಡಿಯಲ್ಲಿ ಇಪ್ಪತ್ತು ಲೀಟರ್‌ನೊಳಗಿನ ಪೆಟ್ಟಿಗೆ. ಹೊರಗಿನ ಪುಟ್ಟ ಬಾಗಿಲಿನಿಂದ ಅದನ್ನು ಎಳೆದು, ಸೂಟ್‌ಕೇಸಿನ ಹಾಗೆ ಉರುಳಿಸಿಕೊಂಡು ಹೋಗಿ ಸುರಿದು ಬರುತ್ತಾರೆ. ಸ್ವೀಡನ್ನಿನವರು ಮೂತ್ರವನ್ನೂ ಮಲವನ್ನೂ ಆರಂಭದಲ್ಲೇ ಬೇರೆ ಮಾಡುವ ಕಮೋಡ್‌ಗಳನ್ನು ಬೆಳೆಸಿದರು. ಎರಡೂ ಬೆರೆಯದಿದ್ದರೆ ನಾತ ಗಣನೀಯವಾಗಿ ತಗ್ಗುತ್ತದೆ.

ಸುರಿಯುವ ಜಾಗ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಶಿಕಾಗೋ ಸಾಕ್ಷಿ. 2004ರ ಆಗಸ್ಟ್ 8ರಂದು ಡೇವ್ ಮ್ಯಾಥ್ಯೂಸ್ ಬ್ಯಾಂಡ್ ಎಂಬ ಸಂಗೀತ ತಂಡದ ಬಸ್ಸೊಂದು ಕಿಂಜಿ ಬೀದಿಯ ಸೇತುವೆ ದಾಟುತ್ತಿತ್ತು. ಸೇತುವೆಯ ನೆಲ ಕಬ್ಬಿಣದ ಜಾಲರಿ. ಚಾಲಕ ಅಲ್ಲೇ ಟ್ಯಾಂಕಿನ ವಾಲ್ವ್ ತೆರೆದ. ಸರಿಯಾಗಿ ಆಗಲೇ ಕೆಳಗೆ ನಗರದ ಕಟ್ಟಡಗಳನ್ನು ತೋರಿಸುವ ಪ್ರವಾಸಿ ದೋಣಿ ಹಾದುಹೋಗುತ್ತಿತ್ತು. ಸುಮಾರು 360 ಕಿಲೋ ಕೊಳಚೆ ಅದರಲ್ಲಿದ್ದ ನೂರಕ್ಕೂ ಹೆಚ್ಚು ಜನರ ತಲೆಯ ಮೇಲೆ ಬಿತ್ತು. ಚಾಲಕ ತಪ್ಪೊಪ್ಪಿಕೊಂಡು ಶಿಕ್ಷೆಗೊಳಗಾದ. ತಂಡ ಎರಡು ಲಕ್ಷ ಡಾಲರ್ ತೆತ್ತು ವ್ಯಾಜ್ಯ ಮುಗಿಸಿಕೊಂಡಿತು.

ಭಾರತಕ್ಕೆ ಈ ಪ್ರಶ್ನೆ ಮೊದಲು ಎದುರಾದದ್ದು ರೈಲಿನಲ್ಲಿ. ಬೋಗಿಯ ಕಕ್ಕಸಿನಿಂದ ನೇರ ಹಳಿಯ ಮೇಲೆ ಬೀಳುತ್ತಿದ್ದ ಮಲ ನಿಲ್ದಾಣಗಳನ್ನು ಕೆಡಿಸಿತು, ಹಳಿಯ ಉಕ್ಕನ್ನೂ ತಿಂದಿತು, ಅದನ್ನು ಬಳಿಯುವ ಹೊಣೆ ಬಡ ಕಾರ್ಮಿಕರ ಹೆಗಲಿಗೆ ಬಿತ್ತು. ರೈಲ್ವೆಯು ರಕ್ಷಣಾ ಸಂಶೋಧನಾ ಸಂಸ್ಥೆಯಾದ ಡಿಆರ್‌ಡಿಒ ಜತೆಗೂಡಿ ಬೋಗಿಗಳ ಅಡಿಗೆ ಬಯೋ ಟ್ಯಾಂಕ್ ಜೋಡಿಸಿತು. ಅದರೊಳಗಿನ ಬ್ಯಾಕ್ಟೀರಿಯಾಗಳು ಮಲವನ್ನು ನೀರು ಮತ್ತು ಅನಿಲವಾಗಿ ಒಡೆಯುತ್ತವೆ. ಈಗ ಎರಡೂವರೆ ಲಕ್ಷಕ್ಕೂ ಹೆಚ್ಚು ಬಯೋ ಟಾಯ್ಲೆಟ್‌ಗಳು ಓಡಾಡುತ್ತಿವೆ. ಒಳಗೆ ಎಸೆದ ಬಾಟಲಿ, ಗುಟ್ಕಾ ಚೀಟಿಗಳು ಅವುಗಳ ದೊಡ್ಡ ಶತ್ರು.

ಈಗ ರಸ್ತೆಯ ಸರದಿ. ನಮ್ಮಲ್ಲಿ ಕ್ಯಾರವಾನ್ ಎಂದರೆ ಸಿನಿಮಾ ಶೂಟಿಂಗ್‌ನಲ್ಲಿ ನಟರ ವಿಶ್ರಾಂತಿಗೆ ನಿಲ್ಲುವ ವಾಹನ ಎಂದಷ್ಟೇ ಜನ ತಿಳಿದಿದ್ದರು. ಕೇರಳ 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕೆ ನೀತಿ ತಂದಿತು. ಕರ್ನಾಟಕದ ಪ್ರವಾಸೋದ್ಯಮ ನೀತಿಯಲ್ಲೂ ಅದಕ್ಕೆ ಜಾಗ ಸಿಕ್ಕಿದೆ, ಬೆಂಗಳೂರಿನಿಂದ ಬಾಡಿಗೆ ಕ್ಯಾರವಾನ್‌ಗಳು ಹೊರಡುತ್ತಿವೆ. ಆದರೆ ಸಕಲೇಶಪುರದ ಘಾಟಿಯಲ್ಲೋ ಕಾರವಾರದ ಕಡಲ ದಂಡೆಯಲ್ಲೋ ಟ್ಯಾಂಕ್ ತುಂಬಿದರೆ ಅದನ್ನು ಎಲ್ಲಿ ಖಾಲಿ ಮಾಡಬೇಕು?

ಉತ್ತರ ದೂರವೇನಿಲ್ಲ. ಪಟ್ಟಣಗಳ ಮಲತ್ಯಾಜ್ಯ ಸಂಸ್ಕರಿಸುವ ದೇಶದ ಮೊದಲ ಘಟಕ 2015ರಲ್ಲಿ ಆರಂಭವಾದದ್ದು ಬೆಂಗಳೂರಿನ ಪಕ್ಕದ ದೇವನಹಳ್ಳಿಯಲ್ಲೇ. ಒಳಚರಂಡಿ ಇಲ್ಲದ ಆ ಊರಿನ ಗುಂಡಿಗಳಿಂದ ಸಕ್ಕಿಂಗ್ ಯಂತ್ರ ತಂದದ್ದನ್ನು ದಿನಕ್ಕೆ 6,000 ಲೀಟರ್‌ನಷ್ಟು ಅದು ಸಂಸ್ಕರಿಸಬಲ್ಲದು, ಅಂದರೆ ನೂರೈವತ್ತು ಲೀಟರ್‌ನ ನಲವತ್ತು ಕ್ಯಾರವಾನ್ ಟ್ಯಾಂಕ್‌ಗಳು. ಸಂಸ್ಕರಿಸಿದ ಮಲತ್ಯಾಜ್ಯ ಕಸದೊಂದಿಗೆ ಕಾಂಪೋಸ್ಟ್ ಆಗಿ ರೈತರ ಹೊಲಕ್ಕೂ ಹೋಗುತ್ತದೆ. ಅಲ್ಲಿ ದುಡಿಯುವುದೂ ಬ್ಯಾಕ್ಟೀರಿಯಾಗಳೇ. ಫಾರ್ಮಾಲ್ಡಿಹೈಡ್ ಬೆರೆತ ಕ್ಯಾರವಾನ್ ಕೊಳಚೆ ಬಂದು ಬಿದ್ದರೆ ಅಮೆರಿಕದ ತಂಗುದಾಣಗಳಿಗೆ ಆದ ಗತಿ ಅದಕ್ಕೂ ಆದೀತು.

ಆದ್ದರಿಂದ ಪ್ರವಾಸೋದ್ಯಮ ಇಲಾಖೆ ಕ್ಯಾರವಾನ್ ಪಾರ್ಕ್‌ಗೆ ಅನುಮತಿ ಕೊಡುವಾಗ ಎರಡು ಷರತ್ತು ಹಾಕಲಿ. ಸಂಸ್ಕರಣಾ ಘಟಕಕ್ಕೋ ಒಳಚರಂಡಿಗೋ ಸೇರುವ, ಕೊಳವೆ ಜೋಡಿಸಿ ಖಾಲಿ ಮಾಡುವ ಸುರಕ್ಷಿತ ಜಾಗ ಪ್ರತಿ ಪಾರ್ಕ್‌ನಲ್ಲಿ ಇರಲೇಬೇಕು. ಬ್ಯಾಕ್ಟೀರಿಯಾ ಕೊಲ್ಲುವ ಮದ್ದನ್ನು ಯಾವ ಬಾಡಿಗೆ ವಾಹನದಲ್ಲೂ ಬಳಸಕೂಡದು. ಕ್ಯಾರವಾನ್ ಬಾಡಿಗೆಗೆ ಪಡೆಯುವವರೂ ಕೀಲಿಕೈ ತೆಗೆದುಕೊಳ್ಳುವ ಮೊದಲೇ ಮಾಲೀಕರನ್ನು ಕೇಳಲಿ: ಟ್ಯಾಂಕಿಗೆ ಏನು ಹಾಕುತ್ತೀರಿ, ತುಂಬಿದ ಮೇಲೆ ಎಲ್ಲಿ ಸುರಿಯುತ್ತೀರಿ?